ಶಿವಲೀಲಾ ಆಂಟಿಯ ಮೂರು ಕಾಲಂ

ನನಗೊಂದು ವಿಚಿತ್ರ ಅಭ್ಯಾಸ ಅಂಟಿಕೊಂಡಿದೆ. ಯಾರಾದರೂ "ನೋಡಿದ್ರಾ?" ಎಂದು ಕೇಳಿದರೆ ತಕ್ಷಣ ಹೂಂ ಎನ್ನಲು ಬಾಯಿ ಬರುವುದಿಲ್ಲ. "ನನ್ನ ಮೇಲ್ ನೋಡಿದ್ರಾ?" ಎಂದು ಆಫೀಸಿನಲ್ಲಿ ಕೇಳುತ್ತಾರೆ. "ಮೊದಲ ಎರಡು ಸಾಲು ಓದಿದೆ, ಉಳಿದದ್ದರ ಮೇಲೆ ಕಣ್ಣಾಡಿಸಿದೆ, ಅಟ್ಯಾಚ್‌ಮೆಂಟ್ ತೆರೆದಿಲ್ಲ" ಎನ್ನುತ್ತೇನೆ. ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ಮನೆಯಲ್ಲಿ ಹೆಂಡತಿ ರೇಖಾ "ಈ ಸೀರೆ ಹೋದ ವರ್ಷವೂ ಉಟ್ಟಿದ್ದೆ, ನೋಡಿದ್ರಿ ತಾನೆ?" ಎಂದರೂ ಇದೇ ಕಥೆ. ಜಾಣ ಗಂಡಸರು ಹೂಂಗುಟ್ಟಿ ಪಾರಾಗುವ ಜಾಗದಲ್ಲಿ ನಾನು ನಿಂತು ಯೋಚಿಸಿ ಸಿಕ್ಕಿಬೀಳುತ್ತೇನೆ.

ಹುಟ್ಟಿನಿಂದ ನಾನೇನೂ ಹೀಗಿರಲಿಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ಭಾನುವಾರ ಮೈಸೂರಿನಿಂದ ಬಸ್ಸು ಹತ್ತಿಸಿ ನನ್ನನ್ನು ರಂಗನತಿಟ್ಟಿಗೆ ಕರೆದುಕೊಂಡು ಹೋಗಿದ್ದರು. ದೋಣಿಯಲ್ಲಿ ಕೂತ ಕೂಡಲೇ ಅಂಬಿಗ ಮೊಸಳೆಯ ವಿಷಯ ತೆಗೆದ. ಅಲ್ಲಿಂದ ಇಳಿಯುವವರೆಗೂ ನಾನು ಅಪ್ಪನ ಶರಟಿಗೆ ಮುಖ ಒತ್ತಿಕೊಂಡು ಕೂತಿದ್ದೆ. ನನಗೆ ಆ ದಿನ ಕಂಡದ್ದು ಆ ನೀಲಿ ಚೌಕಳಿಯ ಶರಟು, ಆಮೇಲೆ ಕ್ಯಾಂಟೀನಿನ ಉದ್ದಿನ ವಡೆ. ಆದರೆ ಮರುದಿನ ಸ್ಕೂಲಿನಲ್ಲಿ 'ನಾನು ಕಂಡ ಪಕ್ಷಿಧಾಮ' ಎಂದು ಮೂರು ಪುಟ ಬರೆದೆ. ನಲವತ್ತು ಜಾತಿಯ ಹಕ್ಕಿಗಳನ್ನು ಕಣ್ಣಾರೆ ಕಂಡಿದ್ದೆ. ಅದರಲ್ಲಿ ಎರಡೋ ಮೂರೋ ನವಿಲಿಗಿಂತ ದೊಡ್ಡವಾಗಿದ್ದವು. ಮೇಷ್ಟ್ರು ಅದನ್ನು ಇಡೀ ಕ್ಲಾಸಿಗೆ ಓದಿ ಹೇಳಿದರು. ವಾರ್ಷಿಕೋತ್ಸವದಲ್ಲಿ ಸ್ಟೀಲಿನ ಲೋಟ ಬಹುಮಾನ ಬಂತು. ಆ ಲೋಟದಲ್ಲಿ ಅಮ್ಮ ಬಹಳ ವರ್ಷ ನನಗೆ ಹಾಲು ಕೊಟ್ಟಳು, ನಾನೂ ಯಾವ ಸಂಕೋಚವೂ ಇಲ್ಲದೆ ಕುಡಿದೆ.

ಇಂಥವನಿಗೆ ಮುಂದೆ ಸಿಕ್ಕ ಕೆಲಸ ಯಾವುದು ಗೊತ್ತೇ? ಟೆಸ್ಟಿಂಗ್. ಬೇರೆಯವರು ಬರೆದ ಸಾಫ್ಟ್‌ವೇರನ್ನು ನಡೆಸಿ ನೋಡಿ, ಸರಿಯಾಗಿದ್ದರೆ ಪಾಸ್, ಇಲ್ಲದಿದ್ದರೆ ಫೇಲ್ ಎಂದು ಬರೆಯಬೇಕು. ಶುಕ್ರವಾರ ಸಂಜೆ ಐದರ ಮೇಲೆ ನಾನು ಫೇಲ್ ಬರೆದದ್ದು ಕಡಿಮೆ. ಈಗ ಒಪ್ಪಿಕೊಂಡುಬಿಡುತ್ತೇನೆ, ಎಷ್ಟೋ ಪಾಸುಗಳನ್ನು ನೋಡದೆಯೇ ಹಾಕಿದ್ದೇನೆ.

ಕೆಲಸಕ್ಕೆಂದು ಬಂದ ಈ ಪರದೇಶದ ಊರಿನಲ್ಲಿ ನಾವು ಸೆರಂಗೂನ್‌ನಿಂದ ಬಿಶಾನ್‌ಗೆ ಶಿಫ್ಟ್ ಆದಾಗ ಮಗಳು ಸಿರಿಗೆ ಏಳು ವರ್ಷ. ಅಲ್ಲಿನ ಪಾರ್ಕಿನಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಕನ್ನಡಿಗರು ವಾಕಿಂಗ್ ಹೋಗುತ್ತಿದ್ದೆವು. ವಾಕಿಂಗ್ ಎನ್ನುವುದು ಹೆಸರಿಗೆ. ಇಲ್ಲೇ ಕಾಯಂ ಉಳಿಯುವ ಪಿಆರ್ ಅರ್ಜಿ ಯಾರದು ವಾಪಸ್ ಬಂತು, ಯಾವ ಸ್ಕೂಲಿನ ಸೀಟಿಗೆ ಬ್ಯಾಲೆಟ್ ಎಂಬ ಲಾಟರಿ ಬಿತ್ತು, ಯಾವ ಟ್ಯೂಷನ್ ಚೆನ್ನಾಗಿದೆ ಎನ್ನುವ ಮಾತಿನ ನಡುವೆ ಕಾಲು ತಾನಾಗಿ ನಡೆಯುತ್ತಿತ್ತು, ಅಷ್ಟೆ. ಒಮ್ಮೆ ಕೋಗಿಲೆ ಕೂಗಿತು. ನಾವು ನಾಲ್ವರೂ ನಿಂತು, ಯುಗಾದಿ ಬಂತು ನೋಡಿ ಎಂದು ಭಾವುಕರಾದೆವು. ಊರಲ್ಲಿ ಮಾವಿನ ಚಿಗುರು ಬಂದಿರುತ್ತದೆ ಎಂದೆಲ್ಲ ಮಾತಾಯಿತು. ಆಮೇಲೆ ಗೊತ್ತಾದದ್ದು, ಈ ಊರಿನಲ್ಲಿ ಕೋಗಿಲೆ ವರ್ಷವಿಡೀ ಬೆಳಗಿನ ಜಾವಕ್ಕೇ ಕೂಗುತ್ತದೆ, ನಿದ್ದೆ ಕೆಡುತ್ತದೆ ಎಂದು ನಮ್ಮ ಬ್ಲಾಕಿನವರೇ ಕಂಪ್ಲೇಂಟ್ ಕೊಡುತ್ತಾರೆ. ನಾವು ಯುಗಾದಿ ಎಂದು ಕಣ್ಣೊರೆಸಿಕೊಂಡ ತಿಂಗಳು ಆಗಸ್ಟ್.

ಶಿವಲೀಲಾ ಆಂಟಿ ಸಿಕ್ಕಿದ್ದು ಅದೇ ಪಾರ್ಕಿನಲ್ಲಿ. ಕಾಟನ್ ಸೀರೆ, ಅದರ ಕೆಳಗೆ ಸ್ಪೋರ್ಟ್ಸ್ ಶೂ, ತಲೆಗೆ ಯಾರದೋ ಸ್ಕೂಲಿನ ಟೋಪಿ. ಒಂದು ಮರದ ಹತ್ತಿರ ಅಲ್ಲಾಡದೆ ನಿಂತಿದ್ದರು. ನಾವು ಒಂದು ಸುತ್ತು ಹಾಕಿ ಬಂದರೂ ಅಲ್ಲೇ ಇದ್ದರು. ಎರಡನೇ ಸುತ್ತಿಗೆ ನನ್ನ ಗೆಳೆಯ ಪ್ರಕಾಶ್ ತಡೆಯಲಾರದೆ ಕೇಳಿದ, "ಆಂಟಿ, ದಾರಿ ಗೊತ್ತಾಗ್ತಾ ಇಲ್ವಾ?"

"ಇಲ್ಲಪ್ಪ, ಒಂದು ಹಕ್ಕಿ ನೋಡ್ತಾ ಇದೀನಿ."

"ಎಲ್ಲಿ ಆಂಟಿ? ಏನೂ ಕಾಣ್ತಾ ಇಲ್ಲ."

"ನೀವು ನಾಲ್ಕು ಜನ ಮಾತು ನಿಲ್ಸಿದ್ರೆ ಅಲ್ಲೇ ಇರುತ್ತೆ."

ನಿಲ್ಲಿಸಿದೆವು. ಎರಡು ನಿಮಿಷಕ್ಕೆ ಕೆಳಗಿನ ಕೊಂಬೆಗೆ ಕಂದು ಬಣ್ಣದ ಹಕ್ಕಿಯೊಂದು ಬಂದು ಕೂತಿತು. ಗಾತ್ರ ಮೈನಾದಷ್ಟೂ ಇಲ್ಲ. ಕಣ್ಣಿನ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ. "ಕಾಡಿಗೆ ಹಚ್ಕೊಂಡಿರೋದು ನೋಡಿ" ಎಂದರು ಆಂಟಿ ಪಿಸುಮಾತಿನಲ್ಲಿ. "ಚೀನಾ ಕಡೆಯಿಂದ, ರಷ್ಯಾ ಕಡೆಯಿಂದ ಬರುತ್ತೆ. ಏಪ್ರಿಲ್ ಕಳೆದ್ರೆ ಸಿಗಲ್ಲ." ಪ್ರಕಾಶ್ ಫೋನ್ ತೆಗೆಯುವಷ್ಟರಲ್ಲಿ ಅದು ಹಾರಿತು. ಮೂವರು ಟ್ಯೂಷನ್ನಿನ ಮಾತು ಮುಂದುವರಿಸುತ್ತ ಹೋದರು. ನಾನು ಅಲ್ಲೇ ಉಳಿದೆ.

ಆಂಟಿ ಗದಗಿನವರು. ಮಗಳು ವಿದ್ಯಾ ನಮ್ಮ ಪಕ್ಕದ ಬ್ಲಾಕಿನಲ್ಲಿದ್ದಳು; ಮೊಮ್ಮಗಳನ್ನು ನೋಡಿಕೊಳ್ಳಲು ಬಂದು ಮೂರು ವರ್ಷವಾಗಿತ್ತು. ನಮ್ಮೆದುರು ಮೊದಮೊದಲು ಕಷ್ಟಪಟ್ಟು ಬೆಂಗಳೂರು ಕನ್ನಡವನ್ನೇ ಆಡುತ್ತಿದ್ದರು. ನಾಲ್ಕು ಶನಿವಾರ ಕಳೆಯುವಷ್ಟರಲ್ಲಿ ನಾನು ಅವರಿಗೆ 'ತಮ್ಮ' ಆದೆ, ಅವರ ಗದಗಿನ ಮಾತೂ ಹೊರಗೆ ಬಂತು.

ಅವರ ಬಳಿ ಬೈನಾಕ್ಯುಲರ್ ಇರಲಿಲ್ಲ. ಕ್ರಿಕೆಟ್ ನೋಡಲೆಂದು ಎಂದೋ ಕೊಂಡ ನನ್ನದನ್ನು ಒಯ್ದು ತೋರಿಸಿದೆ. "ಒಂದ ಕಣ್ಣಿಂದ ನೋಡೋದು ರೂಢಿ ಆಗೈತಿ ತಮ್ಮಾ, ಇದರಾಗ ಎರಡೂ ಕಣ್ಣು ಇಡಬೇಕಲ್ಲ" ಎಂದು ನಕ್ಕರು. ಅದರ ಹಿಂದೆ ಅವರ ನೌಕರಿ ಇತ್ತು. ಸರ್ಕಾರಿ ಮಲೇರಿಯಾ ಲ್ಯಾಬಿನಲ್ಲಿ ಮೂವತ್ತು ವರ್ಷ ಅವರು ರಕ್ತದ ಸ್ಲೈಡ್ ನೋಡಿದವರು. ಹಳ್ಳಿಹಳ್ಳಿಯಿಂದ ಜ್ವರ ಬಂದವರ ಬೆರಳು ಚುಚ್ಚಿ ತೆಗೆದ ಒಂದೊಂದು ಹನಿ ಗಾಜಿನ ಮೇಲೆ ಒಣಗಿ ಅವರ ಮೈಕ್ರೋಸ್ಕೋಪಿನ ಕೆಳಗೆ ಬರುತ್ತಿತ್ತು. ಮಲೇರಿಯಾದ ಹುಳ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಇದ್ದಹಾಗಿದೆ ಎಂದು ಬರೆಯುವಂತಿಲ್ಲ. ಅನುಮಾನ ಬಂದರೆ ಅನುಮಾನ ಎಂದೇ ಬರೆದು, ಆ ಸ್ಲೈಡನ್ನು ಪಕ್ಕಕ್ಕಿಟ್ಟು, ಕಣ್ಣಿಗೆ ನೀರು ಹಾಕಿಕೊಂಡು ಬಂದು ಮತ್ತೆ ನೋಡಬೇಕು. ಇದನ್ನೆಲ್ಲ ಅವರು ಅಕ್ಕಿ ಆರಿಸುವ ವಿಷಯದಷ್ಟು ಸಲೀಸಾಗಿ ಹೇಳಿದರು. ನಾನು ನನ್ನ ಶುಕ್ರವಾರದ ಪಾಸುಗಳನ್ನು ನೆನೆದು ಪಾರ್ಕಿನ ನಡುವೆ ಹರಿಯುವ ಹೊಳೆಯ ಕಡೆ ನೋಡುತ್ತ ಕೂತೆ.

ಹಕ್ಕಿಗೂ ಅವರದು ಅದೇ ಕ್ರಮ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಹಾಕಿದ ಮೂರು ಕಾಲಂ: ಕಂಡದ್ದು, ಕೇಳಿದ್ದು, ಅನುಮಾನ. ಮೊಮ್ಮಗಳ ಹಕ್ಕಿ ಪುಸ್ತಕದಿಂದ ಇಂಗ್ಲಿಷ್ ಹೆಸರು ಸಿಕ್ಕರೆ ಅದನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದರು. ಸಿಗದಿದ್ದರೆ 'ಬಾಲ ಕುಣಿಸುವುದು', 'ಸಿಟ್ಟಿನ ಮುಖದ್ದು' ಎಂದು ತಾವೇ ಹೆಸರಿಡುತ್ತಿದ್ದರು. ಪುಟ ತಿರುವುತ್ತ ನೋಡಿದೆ, ಎಲ್ಲ ಪುಟದಲ್ಲೂ ಹೆಚ್ಚು ತುಂಬಿದ್ದು ಮೂರನೇ ಕಾಲಂ. ಇಷ್ಟೊಂದು ಗೊತ್ತಿಲ್ಲ ಎಂದು ಇಷ್ಟು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟುಕೊಂಡವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾನು ಕೆಲಸ ಮಾಡಿದ ನಾಲ್ಕು ಕಂಪನಿಗಳಲ್ಲಿ ಅಂಥ ಕಾಲಮ್ಮೇ ಇರಲಿಲ್ಲ.

ಶಿಷ್ಯನಾಗಿ ನಾನು ಮಾಡಿದ ಘನಕಾರ್ಯಗಳೂ ಇವೆ. ಹೊಳೆಯಾಚೆ ಬೆಳ್ಳಕ್ಕಿ ಎಂದು ನಾನು ಹತ್ತು ನಿಮಿಷ ತೋರಿಸಿದ್ದು ಪೊದೆಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲ. ಆಂಟಿ ನಗಲಿಲ್ಲ. "ಗಾಳಿ ಬಂದಾಗ ಎರಡೂ ಕಡೆ ಹಾರ್ತೈತಿ ನೋಡು, ಹಕ್ಕಿ ಹಂಗ ಮಾಡೂದಿಲ್ಲ" ಎಂದು ಗಂಭೀರವಾಗಿ ವಿವರಿಸಿದರು.

ಮರುವರ್ಷ ಯುಗಾದಿಯ ದಿನ ಕನ್ನಡದವರ ಕಾರ್ಯಕ್ರಮ ಇತ್ತು. ಆಂಟಿ ಬರಲಿಲ್ಲ, ನನ್ನನ್ನೂ ಹೋಗಲು ಬಿಡಲಿಲ್ಲ. "ಭಾಷಣ ಮುಂದಿನ ವರ್ಷನೂ ಇರ್ತಾವು. ಅವು ಹೊಂಟಾವು" ಎಂದರು. ಸ್ಟೀಲ್ ಡಬ್ಬಿಯಲ್ಲಿ ಬೇವು ಬೆಲ್ಲ ಹಾಕಿಕೊಂಡು ಎಂಆರ್‌ಟಿ ರೈಲು ಹಿಡಿದು ಬೆಡೋಕ್‌ಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಒಂದು ಖಾಲಿ ಹುಲ್ಲು ಬಯಲಿಗೆ ಹೋದೆವು. ಅಲ್ಲಿ ಗೋಲ್ಡನ್ ಪ್ಲೋವರ್ ಎಂಬ ಹಕ್ಕಿಗಳಿದ್ದವು. ಆರು ತಿಂಗಳಿಂದ ಅದೇ ಬಯಲಿನಲ್ಲಿ ಮಣ್ಣಿನ ಬಣ್ಣ ಹೊತ್ತು ಓಡಾಡುತ್ತಿದ್ದವು, ಯಾರೂ ತಿರುಗಿ ನೋಡುವಂತಿರಲಿಲ್ಲ. ಹೊರಡುವ ಕಾಲ ಬಂದದ್ದೇ ಬಟ್ಟೆ ಬದಲಿಸಿದ್ದವು. ಕೆಲವಕ್ಕೆ ಮುಖದಿಂದ ಹೊಟ್ಟೆಯವರೆಗೆ ಕಪ್ಪು, ಬೆನ್ನ ಮೇಲೆಲ್ಲ ಚಿನ್ನದ ಚುಕ್ಕೆ, ಎರಡರ ನಡುವೆ ಬಿಳಿ ಅಂಚು. ಕೆಲವು ಅರ್ಧ ಬದಲಾಗಿ, ಹೊಲಿಗೆ ಮುಗಿಯದ ರವಿಕೆ ಹಾಕಿಕೊಂಡವರಂತೆ ಓಡಾಡುತ್ತಿದ್ದವು. ಮೈ ತುಂಬಿಕೊಂಡು ಉರುಟಾಗಿದ್ದವು. ಇಷ್ಟೇ ಇಷ್ಟು ಹಕ್ಕಿ, ಇಲ್ಲಿಂದ ಸೈಬೀರಿಯಾದವರೆಗೆ ಹೋಗುತ್ತದೆ. ನಾವು ಚಾಂಗಿ ಏರ್‌ಪೋರ್ಟಿನಿಂದ ಬೆಂಗಳೂರಿಗೆ ಹೋಗಲು ಮೂವತ್ತು ಕೆಜಿ ಲಗೇಜು ಕಟ್ಟಿ ಎರಡು ಸಲ ತೂಗುತ್ತೇವೆ.

ಡಬ್ಬಿ ತೆಗೆದು ನನ್ನ ಅಂಗೈಗೆ ಬೇವು ಬೆಲ್ಲ ಹಾಕುತ್ತ ಆಂಟಿ ಹೇಳಿದರು, "ತಮ್ಮಾ, ನನ್ನ ಕಣ್ಣಿನ ಪರದೆ ಸವದೈತಂತ. ಡಾಕ್ಟರ್ ಹೇಳಿದ್ರು. ಎಲ್ಲಿ ನೋಡ್ತೀನೋ ಅಲ್ಲೇ ನಡುವ ಮಬ್ಬು, ಅಕ್ಕಪಕ್ಕದ್ದೆಲ್ಲ ಕಾಣ್ತೈತಿ. ಮುಂದಿನ ವರ್ಷಕ್ಕ ಎಷ್ಟು ಉಳಿತೈತೋ ಗೊತ್ತಿಲ್ಲ."

ಆಪರೇಷನ್ ಎಂದೆ. ಅದಕ್ಕೆ ಆಪರೇಷನ್ ಇಲ್ಲವಂತೆ. ಆಮೇಲೆ ಅವರೇ ನವರಂಗ ಎಂಬ ಹಕ್ಕಿಯ ವಿಷಯ ತೆಗೆದರು. ನೌಕರಿಯ ಆರಂಭದಲ್ಲಿ ಕಾಡಂಚಿನ ಒಂದು ಊರಿಗೆ ಮಲೇರಿಯಾ ಕ್ಯಾಂಪಿಗೆ ಹೋಗಿದ್ದರಂತೆ. ಆಸ್ಪತ್ರೆಯ ಹಿತ್ತಿಲಿನ ಗೊಬ್ಬರದ ಗುಂಡಿಯ ಪಕ್ಕದಲ್ಲಿ ಸಂಜೆ ಒಂದು ಹಕ್ಕಿ ಕುಪ್ಪಳಿಸಿತು. ಬಣ್ಣಬಣ್ಣದ್ದು. ಅಷ್ಟರಲ್ಲಿ ಒಳಗಿನಿಂದ ಕರೆದರು, ಇವರು ತಿರುಗಿದರು, ಮತ್ತೆ ನೋಡಿದಾಗ ಇರಲಿಲ್ಲ.

"ಬಾಲದ ಬುಡಕ್ಕ ಕೆಂಪಿತ್ತು ಅಂತ ಅನಸ್ತೈತಿ. ಆದ್ರ ಅನಿಸೋದ ಬ್ಯಾರೆ, ಕಾಣೋದ ಬ್ಯಾರೆ. ಅವತ್ತಿಂದ ಅದು ಅನುಮಾನದಾಗ ಐತಿ. ಇಲ್ಲಿ ಅದರ ಚಿಗವ್ವನ ಮಗಳು ಬರ್ತಾಳಂತಲ್ಲ, ನೀಲಿ ರೆಕ್ಕಿಯಾಕಿ. ಏಪ್ರಿಲ್‌ನಾಗ ಒಂದೆರಡು ದಿನ ಇಳದು ಹೋಗ್ತಾಳಂತ. ಆಕಿನರ ಒಮ್ಮೆ ಕಣ್ತುಂಬ ಕಂಡ್ರ ಸಾಕು."

ಹದಿನೈದು ದಿನ ಕಳೆದಿರಬಹುದು. ಹಕ್ಕಿ ನೋಡುವವರ ವಾಟ್ಸ್ಯಾಪ್ ಗುಂಪಿನಲ್ಲಿ ಸುದ್ದಿ ಬಂತು, ನೀಲಿ ರೆಕ್ಕೆಯ ನವರಂಗ ನಮ್ಮ ಬಿಶಾನ್ ಪಾರ್ಕಿನಲ್ಲೇ ಇಳಿದಿದೆ. ಶನಿವಾರ ಏಳೂವರೆಗೆ ನಾನೂ ಆಂಟಿಯೂ ಅಲ್ಲಿದ್ದೆವು. ಮೊಣಕೈಯಷ್ಟು ಉದ್ದದ ಲೆನ್ಸ್ ಹಿಡಿದ ಹತ್ತು ಹದಿನೈದು ಅಂಕಲ್‌ಗಳು ಮಡಚುವ ಸ್ಟೂಲಿನ ಮೇಲೆ ಕೂತು ಒಂದು ಪೊದೆಗೆ ಗುರಿಯಿಟ್ಟಿದ್ದರು. ಹಕ್ಕಿ ಏಳು ಗಂಟೆಗೆ ಹೊರಗೆ ಬಂದು ಒಳಗೆ ಹೋಗಿತ್ತು. ಒಬ್ಬರು ಕ್ಯಾಮೆರಾದ ಪರದೆಯಲ್ಲಿ ಫೋಟೋ ತೋರಿಸಿದರು. ಆಂಟಿ ಕೈ ಅಡ್ಡ ಮಾಡಿ ಮುಖ ತಿರುಗಿಸಿಕೊಂಡರು. ಫೋಟೋ ನೋಡಿದರೆ ಆಮೇಲೆ ಕಣ್ಣು ತಾನೇ ಸೃಷ್ಟಿ ಮಾಡಿಕೊಳ್ಳುತ್ತದೆ ಎಂಬುದು ಅವರ ಅಂಬೋಣ. ನಾನು ಚೆನ್ನಾಗಿ ನೋಡಿಕೊಂಡೆ.

ಒಂಬತ್ತೂವರೆಗೆ ಬಿಸಿಲು ಏರಿ ಎಲ್ಲರೂ ಸ್ಟೂಲು ಮಡಚಿದರು. ನಾವಿಬ್ಬರೇ ಉಳಿದೆವು. ಆಂಟಿಯ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡುತ್ತಿದ್ದರು. ಎರಡು ಗಂಟೆಯಿಂದ ಒಮ್ಮೆಯೂ ಕೂತಿರಲಿಲ್ಲ. ನನಗೆ ಸಂಕಟವಾಯಿತು. ಪೊದೆಯ ಬುಡದಲ್ಲಿ ಏನೋ ಒಂದು ಅಲ್ಲಾಡಿತು. ಮೈನಾ ಇರಬಹುದು, ಒಣಗಿದ ಎಲೆ ಇರಬಹುದು. ನನ್ನ ಬಾಯಿಯಿಂದ ಬಂದುಬಿಟ್ಟಿತು.

"ಆಂಟಿ, ಬಂತು. ಎಡಗಡೆ ಬೇರಿನ ಪಕ್ಕ ನೋಡಿ. ನೀಲಿ ರೆಕ್ಕೆ, ಬಾಲದ ಕೆಳಗೆ ಕೆಂಪು."

ಬೈನಾಕ್ಯುಲರ್ ಕೊಟ್ಟೆ. ಬಹಳ ಹೊತ್ತು ಹಿಡಿದು ನೋಡಿದರು. ಕೆಳಗಿಳಿಸಿ ಕೇಳಿದರು, "ನೀ ಕಂಡ್ಯಾ ತಮ್ಮಾ?"

"ಕಂಡೆ ಆಂಟಿ. ಚೆನ್ನಾಗಿ ಕಂಡೆ."

ಅವರು ಚೀಲದಿಂದ ನೋಟ್‌ಬುಕ್ ತೆಗೆದು, ಮುಖದ ಹತ್ತಿರ ಹಿಡಿದು ನಿಧಾನವಾಗಿ ಬರೆದರು. ಯಾವ ಕಾಲಮ್ಮಿನಲ್ಲಿ ಎಂದು ನೋಡುವ ಧೈರ್ಯ ನನಗಾಗಲಿಲ್ಲ. ಮನೆಯವರೆಗೂ ಬಿಟ್ಟು ಬಂದೆ.

ದೋಸೆ ತಿನ್ನುತ್ತ ಇದನ್ನು ಮನೆಯಲ್ಲಿ ಹೆಮ್ಮೆಯಿಂದಲೇ ಹೇಳಿದೆ. ರೇಖಾ "ಪಾಪ, ಒಳ್ಳೇದೇ ಮಾಡಿದ್ರಿ ಬಿಡಿ. ಅವರಿಗೂ ಸಮಾಧಾನ" ಎಂದಳು. ಸಿರಿಗೆ ಆಗ ಒಂಬತ್ತು, ಮಾತಿನ ಕೊನೆಗೆ ಇಲ್ಲಿನವರ 'ಲಾ' ಅಂಟಿಕೊಂಡಿತ್ತು.

"ಬಟ್ ಅಪ್ಪಾ, ನೀನು ನೋಡೇ ಇಲ್ಲ ಲಾ. ಅಜ್ಜಿಗೆ ಬ್ಲಫ್ ಮಾಡಿದ್ಯಾ?"

"ಸುಮ್ನೆ ತಿನ್ನು" ಎಂದೆ.

ಆ ವಾರವೆಲ್ಲ ಆ ನೋಟ್‌ಬುಕ್ ನನ್ನ ಕಣ್ಣ ಮುಂದೆಯೇ ಇತ್ತು. ಮಲೇರಿಯಾ ಕ್ಯಾಂಪಿನ ಕಾಲದಿಂದ ಒಂದು ಹಕ್ಕಿಯನ್ನು ಅನುಮಾನ ಎಂದೇ ಇಟ್ಟುಕೊಂಡು ಬಂದವರು. ಒಮ್ಮೆಯೂ ಮನಸ್ಸು ಬಂದಂತೆ ಅದನ್ನು ಮೊದಲ ಕಾಲಮ್ಮಿಗೆ ದಾಟಿಸಲಿಲ್ಲ. ಈಗ ನನ್ನ ಮಾತು ನಂಬಿ 'ಕಂಡದ್ದು' ಎಂದು ಬರೆದುಕೊಂಡಿದ್ದರೆ? ಅವರ ಅಷ್ಟು ವರ್ಷದ ಪುಟಗಳಲ್ಲಿ ಇರುವ ಒಂದೇ ಒಂದು ಸುಳ್ಳು ನನ್ನದು. ಅವರ ಕಣ್ಣು ಹೋದಮೇಲೆ ಅವರಿಗೆ ಉಳಿಯುವುದು ಆ ಪುಸ್ತಕವೇ, ಅದನ್ನೇ ನಾನು ಕೆಡಿಸಿದ್ದೆ. ಸ್ಟೀಲ್ ಲೋಟದ ಕಾಲದಿಂದ ಇಷ್ಟೆಲ್ಲ ಸುಳ್ಳು ಅರಗಿಸಿಕೊಂಡವನಿಗೆ ಇದೊಂದು ಅರಗಲಿಲ್ಲ.

ಮುಂದಿನ ಶನಿವಾರ ಹೊಳೆಯ ಪಕ್ಕದ ಬೆಂಚಿನಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ನಾನು ಕಂಡಿರಲಿಲ್ಲ, ಬಣ್ಣಗಳನ್ನು ಫೋಟೋ ನೋಡಿ ಹೇಳಿದ್ದು, ದಯವಿಟ್ಟು ಹೊಡೆದುಹಾಕಿ ಎಂದೆ. ಆಂಟಿ ನೋಟ್‌ಬುಕ್ ನನ್ನ ಕೈಗೆ ಕೊಟ್ಟರು. ಆ ತಾರೀಖಿನ ಎದುರು ಮೊದಲ ಕಾಲಂ ಖಾಲಿ. ಮೂರನೆಯದರಲ್ಲಿ ಬರೆದಿತ್ತು: 'ನವರಂಗ. ತಮ್ಮ ಹೇಳಿದ್ದು. ನನಗೆ ಎಲೆ ಕಂಡಿತು.'

"ಗೊತ್ತಿತ್ತಾ ಆಂಟಿ?"

"ನನಗ ಬ್ಯಾಸರ ಆಗಬಾರದಂತ ಹೇಳಿದಿ. ಅದು ಗೊತ್ತೈತಿ. ಸಿಟ್ಟಿಲ್ಲ ನನಗ." ಅವರು ನನ್ನ ಕಡೆ ತಿರುಗಿದರು, ನನ್ನನ್ನು ಕಾಣಲು ಮುಖವನ್ನು ಕೊಂಚ ಓರೆ ಮಾಡಿಕೊಂಡರು. "ಆದ್ರ ಒಂದ್ ಮಾತ್ ಕೇಳು. ನಾಳೆ ನನ್ನ ಕಣ್ಣು ಪೂರಾ ಮಂದ ಆದಮ್ಯಾಲ ಇಲ್ಲಿ ಏನೈತಿ, ಏನಿಲ್ಲ ಅಂತ ನನಗ ಹೇಳಾಂವ ನೀನ. ನೀನ ಸುಳ್ಳು ಹೇಳಿದ್ರ ನಾ ಏನ್ ನೋಡ್ಲಿ?"

ನನಗೆ ಅಳು ಬಂತು. ಹೊಳೆಯಲ್ಲಿ ಬೂದು ಬಕವೊಂದು ಮೀನಿಗೆ ಹೊಂಚುಹಾಕುತ್ತಿತ್ತು. ಅದನ್ನೇ ನೋಡುತ್ತ ಕೂತು, ಆಮೇಲೆ ನೀರು ಎಷ್ಟಿದೆ, ಬಕ ಯಾವ ಕಾಲಿನ ಮೇಲೆ ನಿಂತಿದೆ ಎಂದು ಅವರಿಗೆ ಹೇಳಿದೆ. ಮೊದಲ ಪಾಠ ಅಂದೇ ಶುರುವಾಯಿತು.

ಅಕ್ಟೋಬರಿನಲ್ಲಿ ಹಕ್ಕಿಗಳು ಮರಳಿ ಬರುವ ಹೊತ್ತಿಗೆ ಪೆನ್ನು ನನ್ನ ಕೈಗೆ ಬಂದಿತ್ತು. ನಾನು ಕಂಡು ಹೇಳಬೇಕು, ಅವರು ಪ್ರಶ್ನೆ ಹಾಕಬೇಕು, ಆಮೇಲೆ ಕಾಲಂ ನಿರ್ಧಾರವಾಗಬೇಕು. ಅವರ ಪ್ರಶ್ನೆಗಳಿಗೆ ಯಾವ ವಕೀಲರೂ ಸಾಟಿಯಿಲ್ಲ. ಕೊಕ್ಕು ಸಪೂರವೋ ದಪ್ಪವೋ? ಹುಬ್ಬು ಇದೆಯೋ? ಕೂತಾಗ ಬಾಲ ಎತ್ತುತ್ತದೋ ಇಳಿಸುತ್ತದೋ? ಅರ್ಧಕ್ಕರ್ಧ ಹಕ್ಕಿಗಳನ್ನು ನಾನೇ ಅನುಮಾನಕ್ಕೆ ತಳ್ಳಿದೆ. ಉಳಿದವು ನನ್ನ ಬಾಯಿಂದ ಅವರು 'ಕೇಳಿದ್ದು' ಎಂದು ಎರಡನೆಯದಕ್ಕೆ ಹೋದವು, ಮೊದಲ ಕಾಲಂ ಖಾಲಿಯೇ ಉಳಿಯಿತು. ಒಂದು ಹಕ್ಕಿಯನ್ನು ಇನ್ನೊಬ್ಬರಿಗಾಗಿ ನೋಡುವಾಗ ಎಷ್ಟು ನೋಡಬೇಕಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಗುಬ್ಬಚ್ಚಿ ಮುಗಿಸಲು ಕಾಲು ಗಂಟೆ ಬೇಕಾಗುತ್ತಿತ್ತು. ಆಂಟಿ ಕಣ್ಣು ಮುಚ್ಚಿ, ತಲೆ ಸ್ವಲ್ಪ ಬಾಗಿಸಿ ಕೇಳುತ್ತಿದ್ದರು. ಅವರ ಕಣ್ಣು ಹೋಗುತ್ತಿರುವುದನ್ನು ನೋಡಿ ಮರುಗಬೇಕಾದ ನಾನು, ಅಷ್ಟು ಏಕಾಗ್ರತೆಯಿಂದ ಕೂತ ಅವರನ್ನು ನೋಡಿ ಹೊಟ್ಟೆಕಿಚ್ಚುಪಟ್ಟದ್ದೂ ಉಂಟು.

ಏಪ್ರಿಲ್ ಮತ್ತೆ ಬಂತು. ಅದೊಂದು ಭಾನುವಾರ, ವಾಟ್ಸ್ಯಾಪ್‌ನಲ್ಲಿ ಯಾವ ಸುದ್ದಿಯೂ ಇರಲಿಲ್ಲ, ಲೆನ್ಸಿನ ಅಂಕಲ್‌ಗಳೂ ಇರಲಿಲ್ಲ. ನಾವು ನೀರು ಕುಡಿಯಲು ಬಿದಿರಿನ ಮೆಳೆಯ ಹತ್ತಿರ ಕೂತಿದ್ದೆವು. ಒಣ ಎಲೆಯ ಸದ್ದಾಯಿತು. ನನಗಿಂತ ಮೊದಲು ಆಂಟಿ ತಲೆ ಎತ್ತಿದರು. "ಕುಪ್ಪಳಿಸೋದು ಅದು. ನಡಿಯೋದಲ್ಲ. ನೋಡು" ಎಂದರು ಉಸಿರಿನಲ್ಲೇ.

ಹತ್ತಡಿ ದೂರದಲ್ಲಿ ಅದು ನಿಂತಿತ್ತು. ಒಂದು ವರ್ಷದ ಹಿಂದೆ ಬಾಯಿಪಾಠ ಒಪ್ಪಿಸಿದ ಬಣ್ಣಗಳೆಲ್ಲ ಎದುರಿಗೆ ಇದ್ದಾಗ ನನ್ನ ನಾಲಿಗೆ ಹೊರಳಲಿಲ್ಲ.

"ಹೇಳು."

"ತಲೆ ಕಂದು, ನಡುವೆ ಒಂದು ಕಪ್ಪು ಗೆರೆ. ಕಣ್ಣಿನ ಮೇಲೆ ಹಾದು ಹಿಂದಕ್ಕೆ ದಪ್ಪ ಕಪ್ಪು ಪಟ್ಟಿ. ಗಂಟಲು ಬಿಳಿ. ಎದೆ ಹಣ್ಣಾದ ಗೋಧಿಯ ಬಣ್ಣ."

"ಬೆನ್ನು?"

"ಹಸಿರು. ರೆಕ್ಕೆ ನೀಲಿ ಆಂಟಿ. ಅಂಥ ನೀಲಿ ನಾನು ನೋಡಿಲ್ಲ. ಎಲೆ ಎತ್ತಿ ಪಕ್ಕಕ್ಕೆ ಹಾಕ್ತಾ ಇದೆ. ಹುಳ ಸಿಕ್ತು."

"ಬಾಲದ ಬುಡ?"

ಹಕ್ಕಿ ನಮ್ಮ ಕಡೆ ಮುಖ ಮಾಡಿತ್ತು. "ಕಾಣ್ತಾ ಇಲ್ಲ" ಎಂದೆ. ಆಂಟಿ ಉಸಿರು ಬಿಗಿಹಿಡಿದು ಕಾದರು. ನಾನೂ ಕಾದೆ. ಅದು ಹುಳ ನುಂಗಿತು, ಎರಡು ಸಲ ಕುಪ್ಪಳಿಸಿತು, ತಿರುಗಿತು.

"ಕೆಂಪು. ಹೊಟ್ಟೆಯ ಕೆಳಗಿನಿಂದ ಬಾಲದ ಬುಡದವರೆಗೂ ಕೆಂಪು."

"ಕಂಡ್ಯೋ? ಅನಿಸ್ತೋ?"

"ಕಂಡೆ ಆಂಟಿ."

ಹಕ್ಕಿ ಮೆಳೆಯೊಳಗೆ ಹೋಯಿತು. ಆಂಟಿ ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ತೊಡೆಯ ಮೇಲಿಟ್ಟು ಪುಟ ಸವರಿದರು. ಅವರ ಬೆರಳು ಮೊದಲ ಕಾಲಮ್ಮಿನ ಮೇಲೆ ನಿಂತಿತು. "ಇಲ್ಲಿ ಬರಿ" ಎಂದರು.

"ಇದು ನಿಮ್ಮ ಪುಸ್ತಕ ಆಂಟಿ. ನೀವು ಕಂಡಿಲ್ಲವಲ್ಲ."

"ಡಾಕ್ಟರ್ ಎಂದಾರ ಸ್ಲೈಡ್ ನೋಡಿದ್ರೇನು? ನಾ ಬರದದ್ದ ನಂಬಿ ಗುಳಗಿ ಕೊಡ್ತಿದ್ರು. ಬರಿ ತಮ್ಮಾ."

ಬರೆದೆ.